ಕನ್ನಡಕದ ಶೆಟ್ಟಿ ಕಂಡ ಚಿಟ್ಟೆ

"ಬುದ್ಧಿ, ತಪ್ಪು ಮಾಡಿದವನು ಮನಸ್ಸಿನೊಳಗೇ ನಾಚಿಕೆಪಟ್ಟುಕೊಂಡರೆ ಸಾಲದೇ? ಎದುರಿಗೆ ಹೋಗಿ ಹೇಳಲೇಬೇಕೇ?"

ಹೀಗೆ ಕೇಳಿದವನು ಮಠದ ಶಿಷ್ಯ ಚೆನ್ನಮಲ್ಲ. ಕೇಳುವಾಗ ಅವನು ಗುರುಗಳ ಮುಖ ನೋಡಲಿಲ್ಲ.

ಗುರುಗಳು ಹೇಳಿದರು: "ಯಾರಿಗೆ ಏನು ಮಾಡಿ ಬಂದಿದ್ದೀಯೋ, ನಾನು ಕೇಳುವುದಿಲ್ಲ. ಕೇಳಿದರೆ ನೀನು ಅರ್ಧ ಹೇಳುತ್ತೀಯ, ಉಳಿದರ್ಧಕ್ಕೆ ನಾನು ಸಿಟ್ಟಾಗಬೇಕಾಗುತ್ತದೆ. ಕೂತುಕೋ. ಒಂದು ಕತೆ ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡ."

ಒಂದು ದೊಡ್ಡ ಪಟ್ಟಣ. ಅಲ್ಲಿ ಕೆಲವು ಜನ ಸೇರಿ ಚಿಟ್ಟೆಗಳ ಲೆಕ್ಕ ಇಡುತ್ತಿದ್ದರು. ಯಾರೂ ಹೇಳಿ ಮಾಡಿಸಿದ ಕೆಲಸವಲ್ಲ, ಸಂಬಳದ ಕೆಲಸವಂತೂ ಅಲ್ಲವೇ ಅಲ್ಲ. ಪಟ್ಟಣ ಬೆಳೆಯುತ್ತಾ ಹೋದ ಹಾಗೆ ಯಾವ ಚಿಟ್ಟೆ ಉಳಿಯಿತು, ಯಾವುದು ಹೋಯಿತು ಎಂದು ಯಾರಾದರೂ ನೋಡಬೇಕಲ್ಲ ಎಂದು ತಾವಾಗಿಯೇ ಹೊರಟವರು.

"ಚಿಟ್ಟೆ ಎಣಿಸುವುದೇ, ಬುದ್ಧಿ?" ಎಂದು ಚೆನ್ನಮಲ್ಲ ನಕ್ಕ.

"ನಗು, ನಗು. ನೀನು ಜಪ ಎಣಿಸುತ್ತೀಯ, ಅವರು ಚಿಟ್ಟೆ ಎಣಿಸುತ್ತಾರೆ. ಅವರು ಕಣ್ಣು ಬಿಟ್ಟುಕೊಂಡಾದರೂ ಎಣಿಸುತ್ತಾರೆ. ಬಾಯಿ ಹಾಕಬೇಡ ಎಂದೆನಲ್ಲ!" ಎಂದು ಗದರಿ ಗುರುಗಳು ಮುಂದುವರಿಸಿದರು.

ಒಬ್ಬೊಬ್ಬರಿಗೆ ಒಂದೊಂದು ದಾರಿ. ಭಾನುವಾರ ಬೆಳಿಗ್ಗೆ ಬಿಸಿಲೇರಿದ ಮೇಲೆ ತಮ್ಮ ತಮ್ಮ ದಾರಿಯಲ್ಲಿ ನಡೆದು, ಆಮೇಲೆ ಒಂದು ಹೊಂಗೆಮರದ ಕೆಳಗೆ ಎಲ್ಲರೂ ಸೇರುವರು. ಅವರಲ್ಲಿ ಹಿರಿಯರೊಬ್ಬರು ಒಂದೊಂದೇ ಚಿಟ್ಟೆಯ ಹೆಸರು ಕೂಗುವರು. ಆ ದಾರಿಯವನು ಎದ್ದು ನಿಂತು ಒಂದೇ ಮಾತು ಹೇಳಬೇಕು. ಕಂಡಿತು ಎನ್ನಬೇಕು, ಅಥವಾ ಕಾಣಲಿಲ್ಲ ಎನ್ನಬೇಕು. 'ಇಲ್ಲ' ಎನ್ನುವ ಹಾಗಿಲ್ಲ. ಯಾರಾದರೂ ಬಾಯಿತಪ್ಪಿ 'ಇಲ್ಲ' ಎಂದರೆ ಹಿರಿಯರು, "ಇಲ್ಲ ಎನ್ನಲು ನೀನು ಯಾರಯ್ಯ? ಅದು ಎಲೆಯ ಹಿಂದೆ ಕೂತಿದ್ದೀತು. ನಿನ್ನ ಕಣ್ಣಿಗೆ ಬೀಳಲಿಲ್ಲ, ಅಷ್ಟೇ" ಎಂದು ತಿದ್ದುವರು. ಒಳ್ಳೆಯ ಕಟ್ಟಳೆ. ಆದರೆ ಆ ಒಳ್ಳೆಯ ಕಟ್ಟಳೆಯೇ ಒಬ್ಬನಿಗೆ ನುಂಗಲಾರದ ತುತ್ತಾಯಿತು.

ಅವನು ಕನ್ನಡಕದ ವ್ಯಾಪಾರಿ. ಕಣ್ಣು ಪರೀಕ್ಷೆ ಮಾಡಿ ಕನ್ನಡಕ ಕೊಡುವವನು. ಊರವರು ಕನ್ನಡಕದ ಶೆಟ್ಟರು ಎನ್ನುತ್ತಿದ್ದರು. ಕತೆ ಮುಗಿಯುವವರೆಗೆ ಬಹುವಚನ ಹೊರಲು ನನ್ನಿಂದಾಗದು, ನಾನು ಶೆಟ್ಟಿ ಎನ್ನುತ್ತೇನೆ.

ಶೆಟ್ಟಿಯ ದಾರಿ ಒಂದು ರಾಜಕಾಲುವೆಯ ದಂಡೆ. ಅಲ್ಲಿ ಈಶ್ವರಿ ಬಳ್ಳಿ ಹಬ್ಬಿತ್ತು. ಆ ಬಳ್ಳಿಯ ಎಲೆಯನ್ನೇ ತಿಂದು ಬೆಳೆಯುವ ಒಂದು ಚಿಟ್ಟೆ ಇತ್ತು. ರೆಕ್ಕೆ ಕಪ್ಪು, ಮೈ ಕೆಂಪು. ಇವರು ಮುದ್ದಿಗೆ ಅದನ್ನು ಕೆಂಪಿ ಎನ್ನುತ್ತಿದ್ದರು. ಆ ಕಾಲುವೆ ಬಿಟ್ಟರೆ ಪಟ್ಟಣದ ಬೇರೆಲ್ಲೂ ಅದು ಉಳಿದಿರಲಿಲ್ಲ. ಹಾಗಾಗಿ ಹಿರಿಯರು ಕೆಂಪಿಯ ಹೆಸರು ಕೂಗಿದಾಗ ಎಲ್ಲರೂ ಶೆಟ್ಟಿಯ ಕಡೆ ತಿರುಗುವರು. ಶೆಟ್ಟಿ ಎದ್ದು, ಶಲ್ಯ ಸರಿಮಾಡಿಕೊಂಡು, "ಕಂಡಿತು" ಎನ್ನುವನು. ಎಲ್ಲರೂ ಚಪ್ಪಾಳೆ ತಟ್ಟುವರು. ಶೆಟ್ಟಿಗೆ ವಾರವಿಡೀ ಅದೇ ಊಟ.

ಕಾಲುವೆಯ ಆಚೆ ದಂಡೆಗೂ ಅದೇ ಬಳ್ಳಿ ಒಂದಿಷ್ಟು ಹಬ್ಬಿತ್ತು, ಅದು ಒಬ್ಬ ನರ್ಸಮ್ಮನ ದಾರಿ. ಆಕೆ ಆಸ್ಪತ್ರೆಯಲ್ಲಿ ಮಕ್ಕಳ ವಾರ್ಡಿನವಳು. ಎಳೆಗೂಸಿನ ಕೈಯಲ್ಲಿ ನರ ಯಾರಿಗೂ ಸಿಗದಿದ್ದಾಗ ಈಕೆಯನ್ನೇ ಕರೆಯುತ್ತಿದ್ದರು. ಈಕೆ ಒಮ್ಮೆ ನೋಡಿ, ಒಂದೇ ಸಲಕ್ಕೆ ಸೂಜಿ ಇಳಿಸುವಳು. ಮಗು ಅಳಲು ಬಾಯಿ ತೆರೆಯುವಷ್ಟರಲ್ಲಿ ಕೆಲಸ ಮುಗಿದಿರುತ್ತಿತ್ತು. ಚಿಟ್ಟೆಯಲ್ಲೂ ಹಾಗೆಯೇ. ಕೆಂಪಿಯ ಹಾಗೆ ವೇಷ ಹಾಕುವ ಇನ್ನೊಂದು ಚಿಟ್ಟೆಯಿದೆ, ಕರಿಬೇವಿನ ಗಿಡದಲ್ಲಿ ಹುಟ್ಟುವುದು. ರೆಕ್ಕೆಯೆಲ್ಲ ಕೆಂಪಿಯದೇ, ಮೈ ಮಾತ್ರ ಕಪ್ಪು. "ರೆಕ್ಕೆ ನೋಡಿ ಮೋಸಹೋಗಬೇಡಿ, ಮೈ ನೋಡಿ" ಎಂದು ಹೊಸಬರಿಗೆಲ್ಲ ಹೇಳಿಕೊಟ್ಟವಳು ಈಕೆ.

ಹೀಗಿರುವಾಗ ಪಟ್ಟಣದಲ್ಲಿ ಸೊಳ್ಳೆ ಹೆಚ್ಚಿತು, ಜ್ವರ ಹೆಚ್ಚಿತು. ನಗರಸಭೆಯ ಕಚೇರಿಯವರು ಕಾಲುವೆಯ ಎರಡೂ ದಂಡೆಗೆ ಸೊಳ್ಳೆ ಕೊಲ್ಲುವ ಹೊಗೆ ಹಾಕಿಸತೊಡಗಿದರು. ಚಿಟ್ಟೆಯವರು ಗಾಬರಿಯಾಗಿ ಅಲ್ಲಿಗೆ ಓಡಿದರು. ಕಚೇರಿಯ ಅಧಿಕಾರಿ ಕೆಟ್ಟವನೇನಲ್ಲ. "ಜನರ ಜ್ವರವನ್ನೂ ನಾನು ನೋಡಬೇಕಲ್ಲ. ಒಂದು ಮಾತು ಕೊಡುತ್ತೇನೆ. ನಿಮ್ಮ ಕೆಂಪಿ ಎರಡೂ ದಂಡೆಯಲ್ಲಿ ಕಾಣದಾದರೆ ಬಂದು ಹೇಳಿ, ಹೊಗೆ ನಿಲ್ಲಿಸಿ ಬೇರೆ ದಾರಿ ನೋಡೋಣ. ಕಾಣುತ್ತಿರುವವರೆಗೆ ತಡೆಯಬೇಡಿ" ಎಂದ. ಇವರು ಒಪ್ಪಿ ಬಂದರು.

ಮುಂದಿನ ಭಾನುವಾರ ಶೆಟ್ಟಿ ದಂಡೆಯುದ್ದಕ್ಕೂ ನಡೆದ. ಕೆಂಪಿ ಕಾಣಲಿಲ್ಲ. ಬಳ್ಳಿಯನ್ನು ಎತ್ತಿ ನೋಡಿದ, ಬಗ್ಗಿ ನೋಡಿದ. ಕಾಣಲಿಲ್ಲ.

ಹೋಗಿ ಹಾಗೆಂದರೆ ಮುಗಿದಿತ್ತು. ಹೊಗೆ ಅಂದೇ ನಿಲ್ಲುತ್ತಿತ್ತು. ಆದರೆ ಹಿಂದೊಮ್ಮೆ ಯಾವುದೋ ಪುಡಿ ಚಿಟ್ಟೆಗೆ ಅವನು "ಕಾಣಲಿಲ್ಲ" ಎಂದಿದ್ದಾಗ ಒಬ್ಬ ತಮಾಷೆಗೆ, "ಅಯ್ಯಯ್ಯೋ, ಕನ್ನಡಕದ ಶೆಟ್ಟರಿಗೇ ಕಾಣಲಿಲ್ಲವಂತೆ! ನಾವಿನ್ನು ಯಾರ ಅಂಗಡಿಗೆ ಹೋಗೋಣ?" ಎಂದಿದ್ದ. ಎಲ್ಲರೂ ನಕ್ಕಿದ್ದರು. ಶೆಟ್ಟಿಯೂ ನಕ್ಕಿದ್ದ. ಆದರೆ ಆ ನಗು ಅವನ ಹೊಟ್ಟೆಯೊಳಗೆ ಕರಗಿರಲಿಲ್ಲ. 'ಇಲ್ಲ' ಎಂದರೆ ತಪ್ಪು ಚಿಟ್ಟೆಯದು. 'ಕಾಣಲಿಲ್ಲ' ಎಂದರೆ ತಪ್ಪು ತನ್ನ ಕಣ್ಣಿನದು. ಅವನ ಲೆಕ್ಕ ಅದು. ಹಿರಿಯರು ಕೆಂಪಿಯ ಹೆಸರು ಕೂಗಿದರು. ಎಲ್ಲರೂ ತಿರುಗಿ ನೋಡಿದರು. ಶೆಟ್ಟಿ ಎದ್ದ, ಶಲ್ಯ ಸರಿಮಾಡಿಕೊಂಡ, "ಕಂಡಿತು" ಎಂದ.

ಚಪ್ಪಾಳೆ ಬಿತ್ತು. ಹೊಗೆಯಲ್ಲೂ ಉಳಿದಿದೆಯಲ್ಲ ಎಂದು ಎಲ್ಲರಿಗೂ ಎಂದಿಗಿಂತ ಹೆಚ್ಚು ಸಂತೋಷ.

ಆಮೇಲೆ ನರ್ಸಮ್ಮ ಎದ್ದಳು. "ಕಾಣಲಿಲ್ಲ" ಎಂದಳು.

ಮರುವಾರವೂ ಹಾಗೆಯೇ. ಆ ಮುಂದಿನ ವಾರವೂ ಹಾಗೆಯೇ. ಈ ದಂಡೆಯಲ್ಲಿ ಕಂಡಿತು, ಆ ದಂಡೆಯಲ್ಲಿ ಕಾಣಲಿಲ್ಲ. ನಡುವೆ ಇರುವುದು ಒಂದು ಕಾಲುವೆ. ಜನ ಕನಿಕರದಿಂದಲೇ ನಕ್ಕರು. "ಆಸ್ಪತ್ರೆಯಲ್ಲಿ ನಿದ್ದೆಗೆಟ್ಟು ಬರುತ್ತೀರಿ, ಸಿಸ್ಟರ್. ಸ್ವಲ್ಪ ಕಣ್ಣು ತೋರಿಸಿಕೊಳ್ಳಿ. ಶೆಟ್ಟರು ಇಲ್ಲೇ ಇದ್ದಾರಲ್ಲ" ಎಂದರು. ಆ ಮಾತು ಶೆಟ್ಟಿಗೆ ನಾಟಿತು. ಆದರೂ ನಕ್ಕ.

ನೋಡು ಚೆನ್ನಮಲ್ಲ, ಅವನಿಗೆ ನಾಚಿಕೆಯಾಗಲಿಲ್ಲ ಎಂದುಕೊಳ್ಳಬೇಡ. ಬೇಕಾದಷ್ಟು ಆಯಿತು. ಊಟ ಸೇರಲಿಲ್ಲ. ದಿನಾ ಅಂಗಡಿ ತೆರೆಯುವ ಮೊದಲು ಕಾಲುವೆಗೆ ಹೋಗಿ ಒಂದೇ ಒಂದು ಕೆಂಪಿಗಾಗಿ ಹುಡುಕುತ್ತಿದ್ದ. ಒಂದು ಕಂಡರೆ ಸಾಕು, ಆಡಿದ ಸುಳ್ಳು ನಿಜವಾಗಿಬಿಡುತ್ತದೆ ಎಂಬ ಆಸೆ. ಎಲೆಗಳ ಮೇಲೆ ಹೊಗೆಯ ಜಿಡ್ಡು ಇತ್ತು. ಮೊಟ್ಟೆ ಇರಲಿಲ್ಲ, ಹುಳು ಇರಲಿಲ್ಲ. ಛೀ, ನನ್ನಂಥ ಪಾಪಿ ಯಾರಿದ್ದಾನೆ ಎಂದು ತನ್ನನ್ನು ತಾನೇ ಬೈದುಕೊಂಡು ಅಂಗಡಿಗೆ ಬರುತ್ತಿದ್ದ. ಭಾನುವಾರ ಎದ್ದು ನಿಂತು "ಕಂಡಿತು" ಎನ್ನುತ್ತಿದ್ದ.

ಒಂದು ದಿನ ನರ್ಸಮ್ಮ ಅಂಗಡಿಗೇ ಬಂದಳು.

"ಶೆಟ್ಟರೇ, ನನ್ನ ಕಣ್ಣು ನೋಡಿ. ನೀವು ಕಾಣುವುದು ನನಗೆ ಕಾಣುತ್ತಿಲ್ಲ. ಚಿಟ್ಟೆ ಹೋಗಲಿ ಬಿಡಿ. ಕಣ್ಣು ಮಂಜಾಗಿದ್ದರೆ ನಾನು ಮಕ್ಕಳಿಗೆ ಸೂಜಿ ಹಾಕುವುದು ತಪ್ಪು. ಭಯವಾಗುತ್ತಿದೆ" ಎಂದಳು.

ಶೆಟ್ಟಿ ಅವಳನ್ನು ಕುರ್ಚಿಯಲ್ಲಿ ಕೂರಿಸಿ ಅಕ್ಷರದ ಹಲಗೆ ತೋರಿಸಿದ. ಆಕೆ ಮೇಲಿನಿಂದ ಕೊನೆಯ ಸಾಲಿನವರೆಗೆ ಓದಿದಳು. ಆಮೇಲೆ ಹಲಗೆಯ ಅಂಚಿನಲ್ಲಿದ್ದ ಅಚ್ಚುಕೂಟದ ಹೆಸರನ್ನೂ ಓದಿದಳು. ಅಲ್ಲಿ ಅಚ್ಚುಕೂಟದ ಹೆಸರಿದೆಯೆಂದು ಶೆಟ್ಟಿಗೆ ಅಂದೇ ತಿಳಿದದ್ದು.

ಆ ಗಳಿಗೆ ಅವನ ಕೈಯಲ್ಲಿತ್ತು. "ನಿಮ್ಮ ಕಣ್ಣು ಚೆನ್ನಾಗಿದೆ" ಎನ್ನಬಹುದಿತ್ತು. ಅಂದರೆ ಮುಂದಿನ ಪ್ರಶ್ನೆ ಬರುತ್ತಿತ್ತು: ಹಾಗಾದರೆ ನಿಮಗೆ ಕಂಡದ್ದೇನು, ಶೆಟ್ಟರೇ? ಅವನು ಹಲಗೆಯನ್ನು ತೆಗೆದಿಟ್ಟ. "ಸ್ವಲ್ಪ ಮಂಜು ಕಟ್ಟಿದೆ, ಸಿಸ್ಟರ್. ವಯಸ್ಸಾದಂತೆ ಎಲ್ಲರಿಗೂ ಬರುವುದೇ" ಎಂದ. ಬರೀ ಗಾಜಿನ ಒಂದು ಕನ್ನಡಕ ಕೊಟ್ಟ. ದುಡ್ಡು ಬೇಡವೆಂದ. ಬೇಡವೆಂದದ್ದಕ್ಕೆ ಅವನಿಗೆ ಒಳಗೊಳಗೇ ಒಂದಿಷ್ಟು ಸಮಾಧಾನವೂ ಆಯಿತು. ಅಯ್ಯೋ ಮನುಷ್ಯನೇ!

ಆ ಭಾನುವಾರ ನರ್ಸಮ್ಮ ಕನ್ನಡಕ ಹಾಕಿಕೊಂಡು ದಂಡೆಯಲ್ಲಿ ನಡೆದಳು. ಕಪ್ಪು ರೆಕ್ಕೆಯ ಚಿಟ್ಟೆಯೊಂದು ಹಾರಿ ಹೋಯಿತು. ಮೈ ಕಪ್ಪಗಿದ್ದ ಹಾಗಿತ್ತು. ಆದರೆ ತನ್ನ ಕಣ್ಣನ್ನು ತಾನು ನಂಬುವುದು ಹೇಗೆ? ಹೊಂಗೆಮರದ ಕೆಳಗೆ ಎದ್ದು ನಿಂತು, ತಡವರಿಸಿ, "ಕಂಡಿತು" ಎಂದಳು. ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದವನು ಶೆಟ್ಟಿ.

ಕೆಲವು ದಿನ ಕಳೆದು ಆಕೆ ಒಂದು ಡಬ್ಬಿಯಲ್ಲಿ ಕೊಬ್ಬರಿ ಮಿಠಾಯಿ ತಂದುಕೊಟ್ಟಳು. "ನೀವು ಕಣ್ಣು ತೆರೆಸಿದಿರಿ, ಶೆಟ್ಟರೇ. ಇಲ್ಲದಿದ್ದರೆ ಯಾವ ಮಗುವಿಗೆ ಏನು ಮಾಡಿಬಿಡುತ್ತಿದ್ದೆನೋ. ಮಕ್ಕಳ ವಾರ್ಡು ಬಿಟ್ಟೆ. ಈಗ ಔಷಧಿಯ ಉಗ್ರಾಣದಲ್ಲಿದ್ದೇನೆ" ಎಂದಳು. ಎದುರಿಗೆ ನಿಂತು, ಒಂದು ತಿನ್ನಿ ಎಂದು ಒತ್ತಾಯ ಮಾಡಿದಳು. ಶೆಟ್ಟಿ ತಿಂದ. ಆಕೆ ಹೋದ ಮೇಲೆ ಒಳಗೆ ಹೋಗಿ ಗೋಡೆಗೆ ಮುಖ ಮಾಡಿ ನಿಂತ. ನಾಚಿಕೆಯಿಂದ ಸತ್ತೇ ಹೋಗುತ್ತೇನೆ ಎಂದುಕೊಂಡ. ಸಾಯಲಿಲ್ಲ. ಯಾರೂ ಸಾಯುವುದಿಲ್ಲ. ಮಧ್ಯಾಹ್ನ ಇನ್ನೊಬ್ಬ ಗಿರಾಕಿ ಬಂದ, ಶೆಟ್ಟಿ ಹೊರಗೆ ಬಂದ.

ಮುಂದೊಂದು ದಿನ ಅಂಗಡಿಗೆ ಒಬ್ಬ ತಾಯಿ ಬಂದಳು. ಸೊಂಟದ ಮೇಲೆ ಮಗು. ಮಗುವಿನ ಎರಡೂ ಕೈ ಊದಿಕೊಂಡಿತ್ತು, ಮೊಣಕೈಯವರೆಗೆ ಸೂಜಿ ಚುಚ್ಚಿದ ಗುರುತು, ನೀಲಿಗಟ್ಟಿದ ಗುರುತು.

"ಇದೇನಮ್ಮ?" ಎಂದ ಶೆಟ್ಟಿ.

"ಜ್ವರ ಬಂದಿತ್ತು. ನರವೇ ಸಿಗಲಿಲ್ಲ ಅಣ್ಣ, ಚುಚ್ಚಿದರು, ಚುಚ್ಚಿದರು. ಮಗು ಅತ್ತೂ ಅತ್ತೂ ದನಿಯೇ ಹೋಯಿತು. ಮೊದಲು ಅಲ್ಲೊಬ್ಬ ನರ್ಸಮ್ಮ ಇದ್ದರಂತೆ, ಒಂದೇ ಸಲಕ್ಕೆ ಹಾಕುತ್ತಿದ್ದರಂತೆ. ಪಾಪ, ಅವರಿಗೆ ಕಣ್ಣು ಹೋಯಿತಂತೆ" ಎಂದಳು.

ಶೆಟ್ಟಿ ಅವಳ ಕೆಲಸ ಮಾಡಿಕೊಟ್ಟು ಬಾಗಿಲು ಹಾಕಿದ. ಭಾನುವಾರದವರೆಗೆ ತೆರೆಯಲಿಲ್ಲ.

ಭಾನುವಾರ ಹಿರಿಯರು ಕೆಂಪಿಯ ಹೆಸರು ಕೂಗಿದರು. ಶೆಟ್ಟಿ ಎದ್ದ. "ಕಾಣಲಿಲ್ಲ" ಎಂದ. ಕೂರಲಿಲ್ಲ. "ಹೊಗೆ ಹಾಕಿದ ಮೊದಲ ವಾರದಿಂದಲೂ ಕಾಣಲಿಲ್ಲ. ನಾನು ಹೇಳಿದ್ದೆಲ್ಲ ಸುಳ್ಳು. ನಿಮ್ಮ ನಗುವಿಗೆ ಹೆದರಿ ಹೇಳಿದೆ. ಸಿಸ್ಟರ್ ಕಣ್ಣಿಗೆ ಏನೂ ಆಗಿಲ್ಲ. ಆವತ್ತೂ ಆಗಿರಲಿಲ್ಲ" ಎಂದ. ಯಾರೂ ನಗಲಿಲ್ಲ. ನಕ್ಕಿದ್ದರೆ ಅವನಿಗೆ ಎಷ್ಟೋ ಹಾಯೆನಿಸುತ್ತಿತ್ತು.

ನರ್ಸಮ್ಮ ಕನ್ನಡಕ ತೆಗೆದು ಕೈಯಲ್ಲಿ ಹಿಡಿದಳು.

"ಇದರಲ್ಲಿ ಏನಿತ್ತು, ಶೆಟ್ಟರೇ?"

"ಏನೂ ಇರಲಿಲ್ಲ, ಸಿಸ್ಟರ್. ಬರೀ ಗಾಜು."

ಆಕೆ ಬೈಯಲಿಲ್ಲ. ಅದನ್ನು ಮಡಿಸಿ ಅವನ ಪಕ್ಕದಲ್ಲಿಟ್ಟು ಹೊರಟುಹೋದಳು.

ಹಿರಿಯರು ಆ ವಾರವೇ ಕಚೇರಿಗೆ ಹೋಗಿ ಹೇಳಿದರು. ಅಧಿಕಾರಿ ಕೊಟ್ಟ ಮಾತಿನಂತೆ ನಡೆದುಕೊಂಡ, ದಂಡೆಗೆ ಹೊಗೆ ನಿಂತಿತು. ಬಳ್ಳಿ ಮತ್ತೆ ಚಿಗುರಿತು. ಅದರ ಎಲೆಯನ್ನು ತಿನ್ನಲು ಯಾರೂ ಬರಲಿಲ್ಲ. ಶೆಟ್ಟಿ ಆಸ್ಪತ್ರೆಗೂ ಹೋಗಿ, ನರ್ಸಮ್ಮನ ಕಣ್ಣು ನಿರ್ಮಲವಾಗಿದೆಯೆಂದು ದೊಡ್ಡ ಡಾಕ್ಟರ ಮುಂದೆ ಕೈಮುಗಿದು ಹೇಳಿದ. ಅವರು ಆಕೆಯನ್ನು ಮಕ್ಕಳ ವಾರ್ಡಿಗೆ ಕರೆಸಿಕೊಂಡರು. ಶೆಟ್ಟಿ ಬಹಳ ದಿನದ ಮೇಲೆ ಹೊಟ್ಟೆತುಂಬ ಉಂಡ, ಕಣ್ತುಂಬ ನಿದ್ದೆ ಮಾಡಿದ.

ವಾರ್ಡಿನಲ್ಲಿ ನರ್ಸಮ್ಮನ ಮುಂದೆ ಮೊದಲ ಮಗುವನ್ನು ಮಲಗಿಸಿದರು. ಆಕೆ ಕೈ ಹಿಡಿದು ನೋಡಿದಳು. ನರ ಕಂಡಿತು. ಸೂಜಿ ಎತ್ತಿದಳು. ಎತ್ತಿದ ಕೈ ಅಲ್ಲೇ ನಿಂತಿತು. ಪಕ್ಕದಲ್ಲಿದ್ದ ಹೊಸ ನರ್ಸನ್ನು ಕರೆದು, "ಇದು ನರ ತಾನೇ? ನೀನೊಮ್ಮೆ ನೋಡಮ್ಮ" ಎಂದಳು. ಆ ಹುಡುಗಿ ಹೂಂ ಎಂದಳು. "ಸರಿಯಾಗಿ ನೋಡು" ಎಂದಳು. ಅಷ್ಟರಲ್ಲಿ ಮಗು ಕೈ ಕೊಸರಿಕೊಂಡು ಅಳತೊಡಗಿತು. ಎರಡನೆಯ ಮಗುವಿಗೂ ಹಾಗೆಯೇ ಆಯಿತು.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು.

ಚೆನ್ನಮಲ್ಲ, "ತಡವಾದರೂ ಎಲ್ಲರೆದುರು ಎದ್ದು ನಿಂತು ಹೇಳಿಬಿಟ್ಟನಲ್ಲ, ಬುದ್ಧಿ. ಅಲ್ಲಿಗೆ ಸರಿಯಾಯಿತಲ್ಲವೇ?" ಎಂದ.

"ಅವನ ಎದೆಯೇನೋ ಹಗುರವಾಯಿತು, ಅವಳ ಕಣ್ಣು?" ಎಂದರು ಗುರುಗಳು.