ಖಾಲಿ ಚೌಕದ ಬಣ್ಣ

ಕಂಪ್ಯೂಟರಿನ ಚೌಕಗಳಿಗೆ ತಾನಾಗಿಯೇ ಬಣ್ಣ ಬರುವಂತೆ ಮಾಡುವುದಕ್ಕೆ ಒಂದು ಹೆಸರಿದೆ. ಕಂಡಿಷನ್... ಕಂಡಿಷನಲ್ ಏನೋ. ಹೆಸರು ಅರ್ಧ ಮರೆತಿದೆ, ಕಥೆ ಮರೆತಿಲ್ಲ.

ನದಿ ದಂಡೆಯ ಒಂದು ಆಶ್ರಮದಲ್ಲಿ ಜ್ವರ ಹರಡಿತ್ತು. ಬೆಳಗಿನ ಪ್ರಾರ್ಥನೆ ಮುಗಿದ ಮೇಲೆ ಎಲ್ಲರೂ ಸಾಲಾಗಿ ನಿಂತು ಜ್ವರ ನೋಡಿಸಿಕೊಳ್ಳುತ್ತಿದ್ದರು. ಶಿಷ್ಯ ಚಿದಂಬರ ಅಂಕಿಗಳನ್ನು ಕಂಪ್ಯೂಟರಿನಲ್ಲಿ ಅವರವರ ಹೆಸರಿನ ಮುಂದಿನ ಚೌಕಕ್ಕೆ ತುಂಬುತ್ತಿದ್ದ. ನೂರು ಡಿಗ್ರಿಗಿಂತ ಕಡಿಮೆಯಾದರೆ ಚೌಕ ಹಸಿರು, ನೂರು ಮುಟ್ಟಿದರೆ ಕೆಂಪು. ನಿಯಮ ಬರೆದವನೂ ಅವನೇ.

ಒಂದು ಬೆಳಿಗ್ಗೆ ಅವನು ಗುರುಗಳನ್ನು ಕೂಗಿ ಕರೆದ.

"ನೋಡಿ ಗುರುಗಳೇ! ಒಂದೂ ಕೆಂಪಿಲ್ಲ. ಭತ್ತದ ಗದ್ದೆ ಥರ ಇದೆ."

"ಭಲೇ. ಅಡುಗೆಯ ತಿಪ್ಪವ್ವ?"

"ಅವಳೂ ಹಸಿರೇ."

"ಮತ್ತೆ ಇವತ್ತಿನ ಗಂಜಿ ಯಾಕೆ ಸೀದಿತ್ತು?"

"ಅದು ನಾನು ಮಾಡಿದ್ದು. ತಿಪ್ಪವ್ವ ನಿನ್ನೆಯಿಂದ ಅಡುಗೆಮನೆಗೆ ಬಂದಿಲ್ಲ. ಹಸಿರಿದ್ದಾಳಲ್ಲ, ದಣಿದಿರಬೇಕು ಅಂದುಕೊಂಡೆ."

ಗುರುಗಳು ಚಪ್ಪಲಿಯನ್ನೂ ಮೆಟ್ಟದೆ ಓಡಿದರು.

ತಿಪ್ಪವ್ವ ಕೋಣೆಯ ನೆಲದ ಮೇಲೆ ಬಿದ್ದಿದ್ದಳು. ತುಟಿ ಒಡೆದಿತ್ತು. ಮೈ ಕೆಂಡ. ಕರೆದರೆ ಅವಳಿಗೆ ಯಾರ ಗುರುತೂ ಹತ್ತಲಿಲ್ಲ. ಜೀಪಿನಲ್ಲಿ ಮಲಗಿಸಿ ಆಸ್ಪತ್ರೆಗೆ ಕಳಿಸಿದರು.

ಚಿದಂಬರ ಕಂಪ್ಯೂಟರಿನ ಮುಂದೆ ಕುಳಿತು ಪಟ್ಟಿಯನ್ನು ಮತ್ತೆ ನೋಡಿದ. ತಿಪ್ಪವ್ವನ ಚೌಕದಲ್ಲಿ ಅಂಕಿಯೇ ಇರಲಿಲ್ಲ. ಎದ್ದು ಬಂದು ಸಾಲಿನಲ್ಲಿ ನಿಲ್ಲಲಾರದವಳ ಜ್ವರವನ್ನು ಯಾರು ನೋಡಿದ್ದರು? ಖಾಲಿ ಚೌಕವನ್ನು ಯಂತ್ರ ಸೊನ್ನೆ ಎಂದು ಎಣಿಸಿತ್ತು. ಸೊನ್ನೆ ನೂರಕ್ಕಿಂತ ಕಡಿಮೆ. ಆದ್ದರಿಂದ ಹಸಿರು.

ತಿಪ್ಪವ್ವ ಕಣ್ಣು ಬಿಟ್ಟಳೆಂದು ಸುದ್ದಿ ಬಂದಾಗ ಇಬ್ಬರೂ ನೋಡಲು ಹೋದರು. ನಡೆದದ್ದು ಅವಳ ಕಿವಿಗೆ ಆಗಲೇ ಬಿದ್ದಿತ್ತು.

"ಬಾರಪ್ಪಾ ಬಣ್ಣದ ಸ್ವಾಮಿ," ಎಂದು ನಕ್ಕಳು. "ನಾನು ಅಲ್ಲೇ ಸತ್ತಿದ್ದರೆ ನಿನ್ನ ಪೆಟ್ಟಿಗೆ ಯಾವ ಬಣ್ಣ ತೋರಿಸ್ತಿತ್ತು?"



"ಹಸಿರೇ, ಅವ್ವ," ಎಂದ ಚಿದಂಬರ.

ತಿಪ್ಪವ್ವನ ನಗು ನಿಂತುಹೋಯಿತು.

ಆಶ್ರಮಕ್ಕೆ ಮರಳಿ ಬಂದವನೇ ಚಿದಂಬರ ಕಂಪ್ಯೂಟರ್ ತೆರೆದ.

"ಬಣ್ಣವನ್ನೆಲ್ಲ ಅಳಿಸಿಬಿಡ್ತೀನಿ, ಗುರುಗಳೇ."

"ಬಣ್ಣ ಏನು ತಪ್ಪು ಮಾಡಿತು? ನೀನು ಹೇಳಿದ್ದನ್ನೇ ಕೇಳಿತು. ಖಾಲಿ ಚೌಕಕ್ಕೆ ಬೇರೆ ನಿಯಮ ಬರೆ."

"ಕೆಂಪು ಕೊಡಲಾ?"

"ಆ ಚೌಕದವರಿಗೆ ಜ್ವರ ಇದೆ ಅಂತ ಗೊತ್ತಾ ನಿನಗೆ?"

"ಗೊತ್ತಿಲ್ಲ."

"ಹಾಗಾದರೆ ಬಿಳಿಯಾಗಿಯೇ ಬಿಡು. ಬಿಳಿ ಕಂಡ ಕೂಡಲೇ ಎದ್ದು ಹೋಗಿ ಬಾಗಿಲು ತಟ್ಟು."