ಸಾಹೇಬರ ಕಡೆಯವನು

ಒಂದು ಕಚೇರಿಗೆ ಹೊಸ ಸಾಹೇಬರು ಬಂದರು. ಹಿಂದೆಯೇ ಅವರ ಬಾಮೈದನೂ ಬಂದ. ಕಂಪ್ಯೂಟರಿನ ಅಡ್ಮಿನ್ ಅಧಿಕಾರ ಗುಮಾಸ್ತೆ ಪುಟ್ಟತಾಯಮ್ಮನ ಕೈಯಲ್ಲಿದೆ ಎಂದು ತಿಳಿದು ಸಾಹೇಬರು ಕಿಡಿಕಿಡಿಯಾದರು.

"ನಾನು ಬರೀ ಯೂಸರ್ರಾ? ಸಂಜೆಯೊಳಗೆ ನನಗೆ ಎಲ್ಲರಿಗಿಂತ ದೊಡ್ಡ ಅಕೌಂಟ್ ಬೇಕು. ಇಲ್ಲದಿದ್ದರೆ ನಿಮಗೆ ವರ್ಗಾವಣೆ!"

"ಆಗಲಿ ಸಾರ್" ಅಂದಳು ಪುಟ್ಟತಾಯಮ್ಮ. ಅಕೌಂಟಿಗೆ ‘ಮಹಾ ಸಾಹೇಬರು’ ಎಂದು ಹೆಸರಿಟ್ಟಳು. ಟವೆಲ್ ಹೊದಿಸಿದ ಅವರ ಕುರ್ಚಿಯ ಫೋಟೋ ಹಾಕಿದಳು. ಅಧಿಕಾರವನ್ನು ಮಾತ್ರ ಚೂರೂ ಹೆಚ್ಚಿಸಲಿಲ್ಲ. ಸಾಹೇಬರು ಹಿಗ್ಗಿ ಹೀರೇಕಾಯಿಯಾದರು.

ಮಾರನೆಯ ದಿನ ಮೇಲ್‌ನಲ್ಲಿ ಬಂದ ‘ಬಡ್ತಿ ಯೋಗ ತಿಳಿಸುವ ಉಚಿತ ಜಾತಕ’ವನ್ನು ಒತ್ತಿದರು. ‘ನಿಮಗೆ ಅನುಮತಿ ಇಲ್ಲ’ ಎಂದಿತು ಪರದೆ.

"ನನಗೇ ಅನುಮತಿ ಇಲ್ಲವಾ? ಈ ಕಂಪ್ಯೂಟರಿಗೆ ಮೆಮೋ ಕೊಡಿ!"

"ಅದು ತಡೆದದ್ದು ವೈರಸ್ಸನ್ನು ಸಾರ್. ಜಾತಕದ ವೇಷ ಹಾಕಿಕೊಂಡು, ‘ನಾನು ಸಾಹೇಬರ ಕಡೆಯವನು, ಬಾಗಿಲು ತೆಗಿ’ ಅಂತ ಬಂದಿತ್ತು. ನಿಮಗೆ ಎಲ್ಲ ಅಧಿಕಾರ ಇದ್ದಿದ್ದರೆ ಅದಕ್ಕೂ ಇರುತ್ತಿತ್ತು. ಹಾರ್ಡ್ ಡಿಸ್ಕನ್ನೇ ನುಂಗಿಬಿಡುತ್ತಿತ್ತು."

ಅಷ್ಟರಲ್ಲಿ ಹೊರಗೆ ಬಾಮೈದ ಜವಾನನ ಮೇಲೆ ಕೂಗಾಡುವುದು ಕೇಳಿಸಿತು: "ನಾನು ಸಾಹೇಬರ ಕಡೆಯವನು! ಬಾಗಿಲು ತೆಗಿ!"

ಸಾಹೇಬರು ಮೆಲ್ಲಗೆ ಬಾಗಿ ಹೇಳಿದರು: "ಅವನಿಗೂ ಇಂಥದ್ದೇ ಒಂದು ಅಕೌಂಟ್ ಮಾಡಿಕೊಡಿ ಪುಟ್ಟತಾಯಮ್ಮ. ಹೆಸರು ನನ್ನದಕ್ಕಿಂತ ದೊಡ್ಡದಾಗಿರಲಿ."