ಹಿರಿಯ ಸೊಸೆ ಮೀನಿನ ನೀರು ಬದಲಿಸಿದ್ದು

"ಬುದ್ಧಿ, ನನ್ನ ಮೇಲೆ ಚಾಡಿ ಹೇಳಿದವನ ಪಕ್ಕದಲ್ಲಿ ಕೂತು ನಾನು ಉಣ್ಣಲೇಬೇಕೆ?" ಎಂದು ಮರುಳಯ್ಯ ಕೇಳಿದ.

ಮಠದಲ್ಲಿ ಊಟಕ್ಕೆ ಎಲೆ ಹಾಕುವ ಹೊತ್ತು. ತಾನು ಮರೆಯಲ್ಲಿ ಆಡಿದ ಮಾತನ್ನು ಸ್ವಾಮಿಗಳ ಕಿವಿಗೆ ಹಾಕಿದವನು ಜೊತೆಯ ಶಿಷ್ಯ ಕೊಟ್ರಯ್ಯನೇ ಎಂದು ಮರುಳಯ್ಯ ಮಠವೆಲ್ಲ ಸಾರಿಕೊಂಡು ಬಂದಿದ್ದ. ಅಂದಿನಿಂದ ಕೊಟ್ರಯ್ಯನಿಗೆ ಪಂಕ್ತಿಯಲ್ಲಿ ಜಾಗವಿಲ್ಲ. ಅಡುಗೆಮನೆಯ ಹಿಂದೆ ಒಬ್ಬನೇ ಕೂತು ಉಣ್ಣುತ್ತಿದ್ದ. ಇಂದು ಸ್ವಾಮಿಗಳು ಅವನ ಎಲೆಯನ್ನೂ ಪಂಕ್ತಿಯಲ್ಲೇ, ಮರುಳಯ್ಯನ ಪಕ್ಕಕ್ಕೆ ಹಾಕಲು ಹೇಳಿದ್ದರು.

ಸ್ವಾಮಿಗಳು "ಕೂತುಕೋ, ಎಲೆ ಕಾದೀತು" ಎಂದು ಕತೆ ಹೇಳಿದರು.

ಒಬ್ಬ ಬಟ್ಟೆ ವ್ಯಾಪಾರಿ ಇದ್ದ. ಅವನ ಹೆಂಡತಿ ಆ ಮನೆಯ ಹಿರಿಯ ಸೊಸೆ. ಅತ್ತೆ ಸತ್ತ ಮೇಲೆ ಕೀಲಿಕೈ ಗೊಂಚಲು ಇವಳ ಸೊಂಟಕ್ಕೆ ಬಂತು. ನಾಲಿಗೆಯೂ ಅತ್ತೆಯದೇ ಬಂತು. ನಡುಮನೆಯಲ್ಲಿ ಗಾಜಿನ ತೊಟ್ಟಿ ಇಟ್ಟು ಬಣ್ಣದ ಮೀನು ಸಾಕಿದ್ದಳು. ಆ ಬೀದಿಯಲ್ಲಿ ಇನ್ನಾರ ಮನೆಯಲ್ಲೂ ಅಂಥದ್ದಿರಲಿಲ್ಲ. ಅವಳಿಗೆ ಮೀನಿಗಿಂತ ಆ ಮಾತೇ ಹೆಚ್ಚು ರುಚಿ. ಆದರೆ ಒಂದು ಮೀನಿನ ಮೇಲೆ ಮಾತ್ರ ನಿಜವಾಗಿ ಜೀವ ಇಟ್ಟುಕೊಂಡಿದ್ದಳು. ಕೆಂಪು ಮೀನು, ರೇಷ್ಮೆ ಸೆರಗಿನಂಥ ಬಾಲ. ಬೆರಳು ಅದ್ದಿದರೆ ಬಂದು ಮುಟ್ಟುತ್ತಿತ್ತು. ಮಕ್ಕಳಿಲ್ಲದ ಹೆಂಗಸು. ಬಾಗಿಲು ಹಾಕಿಕೊಂಡು ಮೀನಿನ ಜೊತೆ ಮಾತಾಡುತ್ತಾಳೆಂದು ಕೆಲಸದವಳು ನಾಲ್ಕು ಮನೆಯಲ್ಲಿ ಹೇಳಿ ನಕ್ಕಿದ್ದಳು.

ಆ ಮನೆಗೆ ಕಿರಿಯ ಸೊಸೆ ಬಂದಳು. ವ್ಯಾಪಾರಿಯ ತಮ್ಮ ಯಾರನ್ನೂ ಕೇಳದೆ ಎಲ್ಲೋ ತಾಳಿ ಕಟ್ಟಿ ಕರೆದುಕೊಂಡು ಬಂದವಳು. ಅವಳು ಕೂತರೂ ತಪ್ಪು, ನಿಂತರೂ ತಪ್ಪು. ವರ್ಷ ತುಂಬುವ ಮೊದಲೇ ಬಸುರಿಯಾದಳು. ಆಮೇಲಂತೂ ಉಸಿರಾಡಿದರೂ ತಪ್ಪು.

ಒಂದು ಶುಕ್ರವಾರ ಹಿರಿಯವಳು ಬೀದಿಯ ಹೆಂಗಸರನ್ನೆಲ್ಲ ಅರಿಶಿನ ಕುಂಕುಮಕ್ಕೆ ಕರೆದಳು. ತೊಟ್ಟಿಯ ನೀರು ಹಳತಾಗಿ ಗಾಜಿಗೆ ಪಾಚಿ ಹಿಡಿದಿತ್ತು. ನೋಡಿದವರು ಏನಂದಾರು! ಮೀನುಗಳನ್ನು ಬೋಗುಣಿಗೆ ಹಾಕಿ, ಇದ್ದ ನೀರನ್ನೆಲ್ಲ ಮೋರಿಗೆ ಸುರಿದಳು. ಗಾಜನ್ನು ತಿಕ್ಕಿದಳು. ತಳದ ಕಲ್ಲುಗಳನ್ನು ಮುತ್ತಿನ ಹಾಗೆ ತೊಳೆದಳು. ನಲ್ಲಿಗೆ ಪೈಪು ಸಿಕ್ಕಿಸಿ ಕಂಠಮಟ್ಟ ಹೊಸ ನೀರು ತುಂಬಿ, ಮೀನುಗಳನ್ನು ಬಿಟ್ಟಳು. ನೀರು ತುಂಬುವಷ್ಟರಲ್ಲೇ ನೆಲಕ್ಕೆ ಫಿನಾಯಿಲ್ ಹಾಕಿ ಒರೆಸಿ, ಕಟ್ಟುಗಟ್ಟಲೆ ಊದುಬತ್ತಿ ಹಚ್ಚಿದ್ದಳು.

ಹೆಂಗಸರು ಬಂದು ಕೂರುವ ಹೊತ್ತಿಗೆ ಮೀನುಗಳು ನೀರಿನ ಮೇಲಕ್ಕೆ ಬಂದು ಬಾಯಿ ಬಾಯಿ ಬಿಡುತ್ತಿದ್ದವು. ಒಂದು ಪಕ್ಕಕ್ಕೆ ವಾಲಿತು. ಇನ್ನೊಂದು ಹುಚ್ಚು ಹಿಡಿದ ಹಾಗೆ ಗಾಜಿಗೆ ಬಡಿದುಕೊಂಡಿತು.

"ಯಾರೇ ಇದರ ಹತ್ತಿರ ಹೋದವರು?" ಎಂದು ಹಿರಿಯವಳು ಕೂಗಿದಳು.

"ನಾನೇ ಅಕ್ಕಾ, ಒಂದು ಚಿಟಿಕೆ ಮೀನಿನ ಕಾಳು ಹಾಕಿದೆ" ಎಂದಳು ಕಿರಿಯವಳು. ಕೈಯಲ್ಲಿ ಕುಂಕುಮದ ತಟ್ಟೆ ಇತ್ತು. "ಬೆಳಿಗ್ಗೆ ಚೆನ್ನಾಗಿಯೇ ಇದ್ದವಲ್ಲ. ನೀರು ಬದಲಿಸಿದ್ದಕ್ಕೇ ಏನಾದರೂ..."

"ನೀರಿಗೇನು ಬಂದಿದೆ ರೋಗ? ಕನ್ನಡಿ ಹಾಗಿದೆ ನೀರು! ನನ್ನ ಹೊಟ್ಟೆಯಲ್ಲೂ ಏನೂ ಇಲ್ಲ, ಈ ತೊಟ್ಟಿಯಲ್ಲೂ ಏನೂ ಉಳಿಯಬಾರದು ಅಂತ ತಾನೇ ನಿನ್ನ ಆಸೆ? ಏನು ಹಾಕಿದೆ ಬೊಗಳೇ, ಮಾಟಗಾತಿ!"

ಕುಂಕುಮಕ್ಕೆ ಬಂದವರು ಎದ್ದು ಹೋದರೇ? ಎಲ್ಲಿಯ ಮಾತು! ಸೆರಗು ಸರಿಮಾಡಿಕೊಂಡು ಇನ್ನಷ್ಟು ಹತ್ತಿರಕ್ಕೆ ಜರುಗಿ ಕೂತರು. ಒಬ್ಬಳು ದೃಷ್ಟಿ ಅಂದಳು. ಒಬ್ಬಳು ಇಲಿ ಪಾಷಾಣ ಅಂದಳು. ಇನ್ನೊಬ್ಬಳು ಬಸುರಿಯ ನೆರಳು ಅಂದಳು. ಮೀನನ್ನು ಬಗ್ಗಿ ನೋಡಿದವರು ಒಬ್ಬರೂ ಇಲ್ಲ. ಎಲ್ಲರೂ ಕಿರಿಯವಳ ಮುಖವನ್ನೇ ನೋಡಿದರು. ಹೋಗುವಾಗ ಎಲೆ ಅಡಿಕೆಯ ಜೊತೆ ಒಂದೊಂದು ಕಾರಣವನ್ನೂ ಸೆರಗಿಗೆ ಕಟ್ಟಿಕೊಂಡು ಬೀದಿಗೆ ಹಂಚಿದರು.

ಹಾಕಿದ ವಿಷ ತೊಳೆದುಹೋಗಲಿ ಎಂದು ಹಿರಿಯವಳು ಮತ್ತೆ ತೊಟ್ಟಿ ಬರಿದು ಮಾಡಿದಳು. ಮತ್ತೆ ಅದೇ ನಲ್ಲಿಯಿಂದ ತುಂಬಿದಳು. ಮೀನುಗಳು ಒಂದೊಂದಾಗಿ ಸತ್ತವು. ಸತ್ತ ಒಂದೊಂದಕ್ಕೂ ಅವಳು ಕಿರಿಯವಳ ತವರಿನ ಒಬ್ಬೊಬ್ಬರ ಹೆಸರು ಹಿಡಿದು ಬೈದಳು.

ಅಂಗಡಿ ಮುಚ್ಚಿ ಬಂದ ವ್ಯಾಪಾರಿ ಎಲ್ಲ ಕೇಳಿ, "ಇವತ್ತು ಮೀನಿಗೆ ಹಾಕಿದವಳು ನಾಳೆ ಅನ್ನಕ್ಕೆ ಹಾಕುತ್ತಾಳೆ. ಬೆಳಗಿನ ಬಸ್ಸಿಗೆ ತವರಿಗೆ ಕಳಿಸಿ" ಎಂದ. ಕಿರಿಯವಳ ಗಂಡ ತಲೆ ತಗ್ಗಿಸಿದ. ಹುಡುಗಿಯನ್ನು ಓಡಿಸಿಕೊಂಡು ಬರುವಾಗ ಇದ್ದ ಗಂಡಸುತನ ಅಣ್ಣನ ಮುಂದೆ ಬಾಯಿ ಬಿಡುವುದಕ್ಕೆ ಸಾಲಲಿಲ್ಲ.

ಬೆಳಗಾಯಿತು. ಕೆಂಪು ಮೀನೊಂದೇ ಉಳಿದಿತ್ತು. ಹಿರಿಯವಳು ನೀರಿಗೆ ಕೈ ಹಾಕಿ ಅದನ್ನು ಅಂಗೈಯಲ್ಲಿ ಹಿಡಿದಳು. ಅದು ಓಡಲಿಲ್ಲ. ಅವಳಿಗೆ ಅಳು ಬಂತು. ಮೀನನ್ನು ನೀರಿಗೆ ಬಿಟ್ಟು ಒದ್ದೆ ಕೈಯಿಂದಲೇ ಕಣ್ಣೊರೆಸಿಕೊಂಡಳು. ಕಣ್ಣು ಉರಿಯಿತು. ಕೈ ಮೂಸಿ ನೋಡಿದಳು. ಆಸ್ಪತ್ರೆಯ ಮೋರಿಯ ವಾಸನೆ. ಓಡಿಹೋಗಿ ನಲ್ಲಿ ತಿರುಗಿಸಿ ಮೂಸಿದಳು. ಅದೇ ವಾಸನೆ.

ಊರಲ್ಲಿ ವಾಂತಿಭೇದಿ ಎದ್ದಿತ್ತು. ಪುರಸಭೆಯವರು ನೀರಿಗೆ ಬ್ಲೀಚಿಂಗ್ ಪುಡಿ ಬೆರೆಸುತ್ತಿದ್ದುದು ಅವಳಿಗೇನು ಗೊತ್ತಿರಲಿಲ್ಲವೇ? ಪುಡಿಯ ವಾಸನೆ ಹೋಗಲೆಂದು ಕುಡಿಯುವ ನೀರನ್ನು ತಾನೇ ಕಾಯಿಸಿ ಆರಿಸಿ ಇಡುತ್ತಿದ್ದಳು. ಮನುಷ್ಯರಿಗೆ ಕಾಯಿಸಿದಳು, ಮೀನಿಗೆ ಹಸಿಯಾಗಿ ಸುರಿದಳು. ಹಿಂದಿನ ದಿನ ಫಿನಾಯಿಲ್ಲು ಊದುಬತ್ತಿಗಳ ನಡುವೆ ಮೂಗಿಗೆ ಹತ್ತಿರಲಿಲ್ಲ, ಅಷ್ಟೇ. ಕೊಂದದ್ದು ಅವಳ ಕೈಯೇ. ಅದೂ ಒಮ್ಮೆ ಸಾಲದೆಂದು ಎರಡು ಸಲ.

ಹಿತ್ತಲ ಸಿಮೆಂಟು ತೊಟ್ಟಿಯಲ್ಲಿ ಪುಡಿ ಬೆರೆಸುವ ಮೊದಲು ಹಿಡಿದಿಟ್ಟ ನೀರಿತ್ತು. ಮೂಸಿದಳು. ವಾಸನೆ ಇಲ್ಲ. ಇದರಲ್ಲಿ ಬಿಟ್ಟರೆ ಬದುಕೀತು ಎಂದು ಬಕೆಟ್ ತುಂಬಿಕೊಂಡು, ಸೀರೆ ಒದ್ದೆಯಾದರೂ ಲೆಕ್ಕಿಸದೆ ಒಳಗೆ ಓಡಿ ಬಂದಳು.

ಕಿರಿಯವಳು ಟ್ರಂಕು ಹಿಡಿದು ಹೊಸ್ತಿಲಲ್ಲಿ ನಿಂತಿದ್ದಳು. ಅವಳು ಹೋಗುವುದನ್ನು ನೋಡಲು ನೆರೆಮನೆಯಾಕೆ ಆಗಲೇ ಬಂದು ಜಗಲಿಯ ಕಂಬಕ್ಕೆ ಒರಗಿದ್ದಳು.

"ಏನ್ರೀ, ಹಿತ್ತಲಿಂದ ಬೇರೆ ನೀರು ತರ್ತಿದ್ದೀರಿ? ಹಾಗಾದರೆ ನೀರಿಂದೇ ದೋಷ ಅನ್ನಿ!" ಎಂದಳು ಆಕೆ.

ಹಿರಿಯವಳು ಬಕೆಟ್ ಹಿಡಿದು ನಿಂತಳು. ನೀರಿನ ದೋಷ ಎಂದರೆ, ತುಂಬಿದ ಕೈ ಯಾರದು? ಬೀದಿಯವರ ಎದುರು ಮಾಟಗಾತಿ ಎಂದ ಬಾಯಿ ಯಾರದು? ಕಿರಿಯವಳು ಅವಳನ್ನೇ ನೋಡುತ್ತಿದ್ದಳು. ಹಿರಿಯವಳ ಕೋಪ ನಲ್ಲಿಯ ಹತ್ತಿರವೇ ಆರಿಹೋಗಿತ್ತು. ಈಗ ಅದನ್ನು ಬೂದಿಯೊಳಗಿಂದ ಕೆದಕಿ, ಊದಿ ಊದಿ ಹೊತ್ತಿಸಿಕೊಂಡಳು.

"ವಿಷವೇ ಕಣ್ರೀ, ಇನ್ನೇನು? ಹೊಸ್ತಿಲು ತೊಳೀಬೇಕಲ್ಲ, ಅದಕ್ಕೆ ತಂದೆ" ಎಂದಳು.

ಕಿರಿಯವಳು ಮೆಟ್ಟಿಲು ಇಳಿದಳು. ಹೆಣ ಎತ್ತಿದ ಜಾಗಕ್ಕೆ ಸುರಿಯುವ ಹಾಗೆ, ಅವಳು ನಿಂತಿದ್ದ ಜಾಗಕ್ಕೆ ಹಿರಿಯವಳು ಆ ಬಕೆಟ್ ನೀರನ್ನು ಪೂರಾ ಸುರಿದಳು. ಇನ್ನೊಂದು ಬಕೆಟ್ ತರಬಹುದಿತ್ತು. ಆದರೆ ನೆರೆಮನೆಯಾಕೆ ಕಂಬ ಬಿಟ್ಟು ಅಲುಗಲಿಲ್ಲ. ಕೆಂಪು ಮೀನು ಹೊಟ್ಟೆ ಮೇಲಾಗುವ ತನಕ ಇಬ್ಬರೂ ಬಾಗಿಲಲ್ಲಿ ನಿಂತು ಕಿರಿಯವಳ ನಡತೆಯ ಬಗ್ಗೆ ಮಾತಾಡಿದರು.

ಸ್ವಾಮಿಗಳು ಇಷ್ಟು ಹೇಳಿ ನಿಲ್ಲಿಸಿದರು. ಮರುಳಯ್ಯನ ಮುಖ ಕೆಂಪಾಗಿತ್ತು.

"ಎಂಥ ಹೆಂಗಸು ಬುದ್ಧಿ! ಗೊತ್ತಾದ ಮೇಲೂ ಒಬ್ಬ ಬಸುರಿಯನ್ನು ಹೊರಗೆ ಹಾಕಿದಳೇ? ಅವಳ ಬಾಯಿಗೆ ಮಣ್ಣು ಬೀಳ!"

"ಚಾಡಿ ಹೇಳಿದವನು ಕೊಟ್ರಯ್ಯನಲ್ಲ ಎಂದು ನಿನಗೆ ಗೊತ್ತಾಗಿ ಎಷ್ಟು ದಿನವಾಯಿತು, ಮರುಳಯ್ಯ?" ಎಂದರು ಸ್ವಾಮಿಗಳು.